ಎರಡನೆಯ ಅಕ್ಷರ ಯಾವುದು?



ಚೆನ್ನೈನ ಶೋಳಿಂಗನಲ್ಲೂರಿನಲ್ಲಿ ಬೆಳಗಾಯಿತೆಂದರೆ ಹಳೆಯ ಮಹಾಬಲಿಪುರಂ ರಸ್ತೆಯ ಸಿಗ್ನಲ್ಲಿನಲ್ಲಿ ಕಂಪನಿ ಬಸ್ಸುಗಳು ಸಾಲುಗಟ್ಟುತ್ತವೆ. ಒಳಗೆ ಕೂತವರಲ್ಲಿ ಕೆಲವರ ಫೋನಿನ ಮೇಲೆ ಐದೈದು ಚೌಕಗಳ ಸಾಲು ಕಾಣುತ್ತದೆ. ಅದು ವರ್ಡಲ್ ಆಟ. ಐದು ಅಕ್ಷರದ ಒಂದು ಇಂಗ್ಲಿಷ್ ಪದವನ್ನು ಆರು ಊಹೆಗಳ ಒಳಗೆ ಹಿಡಿಯಬೇಕು. ಅಕ್ಷರವೂ ಸರಿ, ಜಾಗವೂ ಸರಿ ಎಂದರೆ ಹಸಿರು. ಅಕ್ಷರ ಇದೆ, ಜಾಗ ಬೇರೆ ಎಂದರೆ ಹಳದಿ. ಎರಡನೆಯದು ಆರ್, ಕೊನೆಯದು ಟಿ, ಜೊತೆಗೆ ಎಲ್ಲೋ ಒಂದು ಎ. ಯಾವ ಪದ? ಗ್ರೇಟ್? ಟ್ರೀಟ್? ಡ್ರಾಫ್ಟ್? ಕ್ರಾಫ್ಟ್? ಬಸ್ಸು ಮುಂದೆ ಹೋಗುವಷ್ಟರಲ್ಲಿ ಎಷ್ಟೋ ಪದಗಳು ಮನಸ್ಸಿನಲ್ಲಿ ಸುಳಿದು ಹೋಗಿರುತ್ತವೆ.

ತಾಳ್ಮೆ ತಪ್ಪಿದವರಿಗೆ ಸುಲಭದ ದಾರಿಯೂ ಇದೆ. ಸಿಕ್ಕ ಅಕ್ಷರಗಳನ್ನು ಫೋನಿಗೆ ಕೊಟ್ಟರೆ ಅವು ಇರುವ ಪದಗಳೆಲ್ಲ ಪಟ್ಟಿಯಾಗಿ ಬಂದುಬಿಡುತ್ತವೆ. ಆ ಪಟ್ಟಿಯನ್ನು ನಾನು ದೂರುವುದಿಲ್ಲ. ಆದರೆ ಹುಡುಕುವಾಗ ತಲೆಗೆ ಬಂದು ಹೋಗುವ ಆ ಇತರ ಪದಗಳಿವೆಯಲ್ಲ, ಉತ್ತರವಾಗದೆ ಹೋದವು, ಆಟದ ನಿಜವಾದ ಗಳಿಕೆ ಅವುಗಳಲ್ಲೇ ಇದೆ ಎಂದು ನನ್ನ ನಂಬಿಕೆ. ಪಟ್ಟಿ ಬಂದೊಡನೆ ಅವು ಬರುವುದು ನಿಂತುಹೋಗುತ್ತದೆ.

ಇಂಥ ಪದದ ಆಟಗಳ ಹಿಂದೆ ದೊಡ್ಡ ಶ್ರಮವಿದೆ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡ ಅಮೆರಿಕದ ವಾಸ್ತುಶಿಲ್ಪಿ ಆಲ್‌ಫ್ರೆಡ್ ಬಟ್ಸ್, ದಿನಪತ್ರಿಕೆಯ ಪುಟವನ್ನು ಮುಂದಿಟ್ಟುಕೊಂಡು ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಎಂದು ಕೈಯಾರೆ ಎಣಿಸಿದರು. ಅಕ್ಷರದ ಬಿಲ್ಲೆಗಳನ್ನು ಜೋಡಿಸಿ ಪದ ಕಟ್ಟುವ, 1948ರಲ್ಲಿ ಸ್ಕ್ರ್ಯಾಬಲ್ ಎಂಬ ಹೆಸರು ಪಡೆದ ಆಟದ 100 ಬಿಲ್ಲೆಗಳು ಆ ಎಣಿಕೆಯಿಂದ ಹುಟ್ಟಿದವು. ಇ ಅಕ್ಷರಕ್ಕೆ 12 ಬಿಲ್ಲೆ, ಕ್ಯೂಗೆ ಒಂದೇ ಒಂದು. ಎಸ್ ಬೇಕೆಂದೇ ನಾಲ್ಕು. ಹೆಚ್ಚು ಕೊಟ್ಟರೆ ಎಲ್ಲರೂ ಬಹುವಚನ ಮಾಡಿಯೇ ಗೆಲ್ಲುತ್ತಿದ್ದರು. ಕೈಯಲ್ಲಿ ಕ್ಯೂ ಇದ್ದು ಯು ಇಲ್ಲದಾಗ ಫಕೀರ, ನಿಖಾಬ್ ಇಂಥ ಪದಗಳು ಕಾಪಾಡುತ್ತವೆ. ರಾಗಿ, ದೋಸೆ, ಘಾಟ್ ಕೂಡ ಆ ಆಟದ ಪದಕೋಶದಲ್ಲಿವೆ.

ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್‌ನ ವಿಶ್ವ ಚಾಂಪಿಯನ್ ಆದರು. ಅವರಿಗೆ ಫ್ರೆಂಚ್ ಮಾತಾಡಲು ಬಾರದು. ಪದಕೋಶವನ್ನೇ ಕಂಠಪಾಠ ಮಾಡಿದ್ದರು. ಆ ನೆನಪಿನ ಶಕ್ತಿಗೆ ತಲೆಬಾಗುತ್ತೇನೆ. ಆದರೂ ನನಗೆ ಹೆಚ್ಚು ಹತ್ತಿರವೆನಿಸುವುದು ವರ್ಡಲ್ ರೂಪುಗೊಂಡ ಬಗೆ. ಜೋಶ್ ವಾರ್ಡಲ್ ಆ ಆಟ ಕಟ್ಟುವಾಗ ಅವರ ಸಂಗಾತಿ ಪಲಕ್ ಶಾ ಸುಮಾರು 12,000 ಪದಗಳನ್ನು ಒಂದೊಂದಾಗಿ ನೋಡಿ, ತನಗೆ ಗೊತ್ತಿರುವುದು ಯಾವುದು, ಇಲ್ಲದ್ದು ಯಾವುದು ಎಂದು ಬೇರ್ಪಡಿಸಿದರು. ಬಳಸುವ ಪದಗಳು ಹೀಗೆ ಉತ್ತರಗಳಾದವು.

ಇನ್ನು ನಮ್ಮ ಭಾಷೆಗೆ ಬರೋಣ. ಎರಡನೆಯ ಜಾಗಕ್ಕೆ ಇಂಥದೇ ಅಕ್ಷರ ಬೇಕು ಎಂಬ ಹುಡುಕಾಟ ಕನ್ನಡದ ಕವಿಗಳಿಗೆ ನೂರಾರು ವರ್ಷ ನಿತ್ಯದ ಕೆಲಸವಾಗಿತ್ತು. ದ್ವಿತೀಯಾಕ್ಷರ ಪ್ರಾಸ ಎಂದರೆ ಅದೇ. ಪದ್ಯದ ಮೊದಲ ಸಾಲಿನ ಎರಡನೆಯ ಅಕ್ಷರ ಳಕಾರವಾದರೆ ಉಳಿದ ಸಾಲುಗಳಲ್ಲೂ ಅಲ್ಲಿ ಳಕಾರವೇ ಬರಬೇಕು. ಸಿಂಹ, ಗಜ, ವೃಷಭ, ಅಜ, ಶರಭ, ಹಯ ಎಂದು ಆರು ಬಗೆ ಮಾಡಿ ಹೆಸರನ್ನೂ ಇಟ್ಟಿದ್ದರು.

ಇಲ್ಲೊಂದು ಸೊಗಸಾದ ತೊಡಕಿತ್ತು. ಹಳಗನ್ನಡದಲ್ಲಿ ಳಕಾರದ ಜೊತೆಗೆ ೞಕಾರ ಎಂಬ ಬೇರೆಯೇ ಅಕ್ಷರವಿತ್ತು. ಜನರ ನಾಲಿಗೆಯಲ್ಲಿ ಎರಡೂ ಒಂದಾಗುತ್ತ ಬಂದಂತೆ, ಯಾವ ಪದದಲ್ಲಿ ಯಾವುದಿದೆ ಎಂಬುದೇ ಗೊಂದಲವಾಯಿತು. 13ನೆಯ ಶತಮಾನದಲ್ಲಿ ವ್ಯಾಕರಣಕಾರ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ೞಕಾರವಿರುವ ಪದಗಳನ್ನು ಪಟ್ಟಿ ಮಾಡಿಕೊಟ್ಟ. ಒಂದು ಅಕ್ಷರವಿರುವ ಪದಗಳನ್ನು ಆರಿಸಿ ತೆಗೆಯುವ ಕೆಲಸ ಕನ್ನಡಕ್ಕೆ ಅಷ್ಟು ಹಳೆಯದು! ಮಳೆ ಎಂಬುದರಲ್ಲಿ ಇದ್ದದ್ದು ೞ, ಬೆಳೆ ಎಂಬುದರಲ್ಲಿ ಳ. ಹುಳುವಿನಲ್ಲಿ ೞ, ಹುಳಿಯಲ್ಲಿ ಳ. ನಮ್ಮ ಕಿವಿಗೆ ಇಷ್ಟು ಹೊಂದುವ ಮಳೆ-ಬೆಳೆ ಹಳೆಯ ಕವಿಯ ಪ್ರಾಸಕ್ಕೆ ಹೊಂದುತ್ತಿರಲಿಲ್ಲ.

ಚೆನ್ನೈನ ಕನ್ನಡಿಗರಿಗೆ ಈ ವಿಷಯದಲ್ಲಿ ಒಂದು ಭಾಗ್ಯವಿದೆ. ಶೋಳಿಂಗನಲ್ಲೂರಿನ ಬಸ್ ನಿಲ್ದಾಣದ ತಮಿಳು ಫಲಕ ನೋಡಿ. ಎರಡನೆಯ ಅಕ್ಷರವಾಗಿ ನಿಂತಿರುವುದು ಅದೇ ೞಕಾರ. ತಮಿಳು ಅದನ್ನು ಇಂದಿಗೂ ಉಳಿಸಿಕೊಂಡಿದೆ. ಅಂಗಡಿಯಲ್ಲಿ ಬಾಳೆಹಣ್ಣು ಕೊಳ್ಳುವಾಗ, ಮಳೆ ಬರುವಂತಿದೆ ಎಂದು ಪಕ್ಕದ ಮನೆಯವರು ಹೇಳುವಾಗ, ಏಳು ಎಂದು ಲೆಕ್ಕ ಹೇಳುವಾಗ ಆ ಧ್ವನಿ ಕಿವಿಗೆ ಬೀಳುತ್ತದೆ. ಕೇಶಿರಾಜನ ಪಟ್ಟಿ ಅಲ್ಲಿ ಬೀದಿಯಲ್ಲೇ ಓಡಾಡುತ್ತಿದೆ.

1911ರಲ್ಲಿ ಮಂಜೇಶ್ವರದ ಕವಿ ಗೋವಿಂದ ಪೈಗಳು ಎರಡನೆಯ ಅಕ್ಷರದ ಈ ಪ್ರಾಸವನ್ನು ಬಿಟ್ಟರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿದವರು ಅವರು. ಅದೇ ಮದರಾಸಿನ ಸರ್ಕಾರ 1949ರಲ್ಲಿ ಅವರನ್ನು ರಾಷ್ಟ್ರಕವಿ ಎಂದು ಗೌರವಿಸಿತು. ಪ್ರಾಸ ಬಿಟ್ಟದ್ದು ಧೈರ್ಯದ ಹೆಜ್ಜೆ, ಕನ್ನಡ ಕವಿತೆಗೆ ಅದು ಬೇಕಾಗಿತ್ತು. ಹೇಳಲೇಬೇಕಾದ ಮಾತಿಗೆ ಒಂದು ಅಕ್ಷರ ಅಡ್ಡ ನಿಲ್ಲಬಾರದು. ಆಟಕ್ಕೆ ಮಾತ್ರ ಆ ಅಡ್ಡಿಯೇ ಜೀವ. ಕವಿತೆಯಿಂದ ಹೊರಬಂದ ಆ ಕಟ್ಟನ್ನು ಮಕ್ಕಳ ಕೈಗೆ ಕೊಡಬಾರದೇಕೆ?

ಹೊರನಾಡಿನ ಮನೆಗಳಲ್ಲಿ ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವ ಪದಗಳು ಮಾತ್ರ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತವೆ. ಇದು ನನ್ನನ್ನು ನಿಜಕ್ಕೂ ಕಾಡುವ ಸಂಗತಿ. ಇಂಗ್ಲಿಷ್ ಪದ ಹುಡುಕುವ ಮಗುವಿಗೆ ಹುಡುಕುವ ಚಟವಂತೂ ಆಗಲೇ ಹತ್ತಿದೆ. ಸಂಜೆ ಅದೇ ಮಗುವಿನ ಮುಂದೆ ಮೂರು ಚೌಕ ಬರೆಯಿರಿ. ಪತ್ರಿಕೆಯ ಪದಬಂಧದಲ್ಲಿರುವಂತೆ ಕಾಗುಣಿತವಾಗಲಿ ಒತ್ತಕ್ಷರವಾಗಲಿ ಒಂದೇ ಚೌಕದಲ್ಲಿ. ನಡುವಿನ ಚೌಕದಲ್ಲಿ ಳ ಇಡಿ. ಬೆಳಕು, ಹೊಳಪು, ಗೆಳತಿ, ಅಳತೆ, ಬಳಪ ಬರುತ್ತವೆ. ಮಗುವಿಗೆ ಮುಂದೆ ಪದ ತೋಚದಿದ್ದರೆ ಊರಿನಲ್ಲಿರುವ ಅಜ್ಜಿಗೆ ಫೋನ್ ಮಾಡಿ. ಅವರು ಕೊಳಗ ಎನ್ನಬಹುದು. ‘ಕೊಳಗ ಅಂದ್ರೆ ಏನಜ್ಜಿ?’ ಎಂದು ಮಗು ಕೇಳಿದರೆ, ಭತ್ತ ಅಳೆಯುತ್ತಿದ್ದ ಆ ಪಾತ್ರೆ, ಸುಗ್ಗಿಯ ಕಣ, ರಾಶಿಯ ಪೂಜೆ ಎಲ್ಲವನ್ನೂ ಅಜ್ಜಿಯೇ ಹೇಳಲಿ. ಫೋನನ್ನು ಮಗುವಿನ ಕೈಯಲ್ಲೇ ಬಿಡಿ.