ಪೇಸ್‌ಮೇಕರ್ ಇದ್ದವರಿಗೆ ಎಂ.ಆರ್.ಐ. ಪರೀಕ್ಷೆ

ಹಲಸೂರಿನಲ್ಲಿ ನಮ್ಮ ಬೀದಿಯ ಹಿರಿಯರೊಬ್ಬರಿಗೆ ಸೊಂಟನೋವು ಬಂದು, ಕಾಲು ಜೋಮು ಹಿಡಿಯತೊಡಗಿತು. ವೈದ್ಯರು ಎಂ.ಆರ್.ಐ. ಮಾಡಿಸಿರೆಂದರು. ಮಗ ಇಂದಿರಾನಗರದ ಕಡೆಯ ಒಂದು ಕೇಂದ್ರಕ್ಕೆ ಕರೆದೊಯ್ದ. ಅಲ್ಲಿ ತುಂಬಲು ಕೊಟ್ಟ ಕಾಗದದಲ್ಲಿ, ದೇಹದೊಳಗೆ ಯಾವುದಾದರೂ ಯಂತ್ರವುಂಟೆ ಎಂಬ ಪ್ರಶ್ನೆಗೆ 'ಇಲ್ಲ' ಎಂದು ಬರೆದುಬಿಟ್ಟ. ಸುಳ್ಳು ಹೇಳಬೇಕೆಂದಲ್ಲ. ಒಂಬತ್ತು ವರ್ಷಗಳ ಹಿಂದೆ ಇರಿಸಿದ ಪೇಸ್‌ಮೇಕರ್ ಮನೆಯವರಿಗೆಲ್ಲ ಮರೆತೇ ಹೋಗಿತ್ತು. ಚೆನ್ನಾಗಿ ಕೆಲಸ ಮಾಡುವ ಯಂತ್ರದ ಗುಣವೇ ಅದು. ಅಂಗಿ ಬದಲಿಸುವಾಗ ಎಡ ಕೊರಳೆಲುಬಿನ ಕೆಳಗಿನ ಉಬ್ಬು ಅಲ್ಲಿನ ಸಿಬ್ಬಂದಿಯೊಬ್ಬರ ಕಣ್ಣಿಗೆ ಬಿತ್ತು. ಪುಣ್ಯವೇ ಸರಿ.

ಇಷ್ಟು ಹೆದರಿಕೆ ಏಕೆಂದು ನೀವು ಕೇಳಬಹುದು. ಎಂ.ಆರ್.ಐ. ಯಂತ್ರವೆಂದರೆ ಒಂದು ಭಾರಿ ಅಯಸ್ಕಾಂತ. ಸಾಮಾನ್ಯವಾಗಿ ಬಳಕೆಯಲ್ಲಿರುವ 1.5 ಟೆಸ್ಲಾ ಯಂತ್ರದ ಕಾಂತಕ್ಷೇತ್ರ ಭೂಮಿಯದಕ್ಕಿಂತ ಸುಮಾರು 30,000 ಪಟ್ಟು ಬಲವಾದುದು. ಚಿತ್ರ ತೆಗೆಯದಿರುವಾಗಲೂ ಅದು ಇದ್ದೇ ಇರುತ್ತದೆ. ಪೇಸ್‌ಮೇಕರಾದರೋ, ಗುಂಡಿಗೆಯ ಬಡಿತವನ್ನು ಆಲಿಸುತ್ತಿದ್ದು, ಅದು ತಡವಾದರೆ ತಂತಿಯ ಮೂಲಕ ಸಣ್ಣ ವಿದ್ಯುತ್ ಮಿಡಿತವನ್ನು ಕಳಿಸುವ ಪುಟ್ಟ ಪೆಟ್ಟಿಗೆ. ಎಂ.ಆರ್.ಐ. ಅಲೆಗಳನ್ನೇ ಗುಂಡಿಗೆಯ ಬಡಿತವೆಂದು ತಿಳಿದು ಅದು ಸುಮ್ಮನಾದರೆ, ಅದನ್ನೇ ನಂಬಿರುವ ಗುಂಡಿಗೆಯ ಗತಿಯೇನು? ತಂತಿಯ ತುದಿ ಬಿಸಿಯಾಗುವ ಭಯವೂ ಉಂಟು.

ಆದುದರಿಂದಲೇ ಬಹುಕಾಲ 'ಕೂಡದು' ಎಂಬುದೊಂದೇ ಉತ್ತರವಾಗಿತ್ತು. ಎಂ.ಆರ್.ಐ.ಗೆ ಹೊಂದುವಂತೆ ರಚಿಸಿದ ಪೇಸ್‌ಮೇಕರಿಗೆ ಅಮೆರಿಕದಲ್ಲಿ ಮೊದಲು ಅನುಮತಿ ದೊರೆತದ್ದು 2011ರಲ್ಲಿ. ಹಳೆಯ ಬಗೆಯವುಗಳ ಮಾತೇನು? ಅಂಥ ಪೇಸ್‌ಮೇಕರ್ ಇದ್ದವರಿಗೆ ಎದೆಯ ಭಾಗವನ್ನು ಬಿಟ್ಟು 1.5 ಟೆಸ್ಲಾ ಯಂತ್ರದಲ್ಲಿ ಮಾಡಿದ 1,000 ಪರೀಕ್ಷೆಗಳ ವರದಿಯನ್ನು ಅಲ್ಲಿನ ವೈದ್ಯರು 2017ರಲ್ಲಿ ಪ್ರಕಟಿಸಿದರು. ಸಾವಾಗಲಿ, ತಂತಿ ಕೆಟ್ಟುದಾಗಲಿ ಒಂದೂ ಇರಲಿಲ್ಲ. ಆದರೆ ಅವೆಲ್ಲ ಕಟ್ಟುನಿಟ್ಟಿನ ಕ್ರಮದಲ್ಲಿ ನಡೆದವು. ಅದನ್ನು ಮರೆತು ಧೈರ್ಯಮಾಡುವುದು ಮೂರ್ಖತನ.

ಕ್ರಮವೆಂದರೆ ಇದು. ಪೇಸ್‌ಮೇಕರ್ ಇರಿಸಿದಾಗ ಆಸ್ಪತ್ರೆಯವರು ಒಂದು ಕಾರ್ಡು ಕೊಟ್ಟಿರುತ್ತಾರೆ. ಪೆಟ್ಟಿಗೆಯ ಹೆಸರು, ತಂತಿಯ ಹೆಸರು ಅದರಲ್ಲಿರುತ್ತವೆ. ಪೆಟ್ಟಿಗೆಯೊಂದು ಹೊಸತಾದರೆ ಸಾಲದು, ತಂತಿಯೂ ಹೊಂದಬೇಕು. ಬ್ಯಾಟರಿ ಮುಗಿದು ಪೆಟ್ಟಿಗೆ ಬದಲಿಸಿದವರಲ್ಲಿ ತಂತಿ ಹಳೆಯದೇ ಇರಬಹುದು. ಉಪಯೋಗವಿಲ್ಲದ ತಂತಿಯೊಂದು ಒಳಗೇ ಉಳಿದಿರಲೂಬಹುದು. ಇದನ್ನು ತೀರ್ಮಾನಿಸತಕ್ಕವರು ಹೃದಯತಜ್ಞರು. ಪರೀಕ್ಷೆಗೆ ಮುನ್ನ ಅವರ ಕಡೆಯವರು ಬಂದು, ಏನನ್ನೂ ಆಲಿಸದೆ ಒಂದೇ ಸಮನೆ ಮಿಡಿಯುವಂತೆ, ಇಲ್ಲವೇ ಆ ರೋಗಿಗೆ ತಕ್ಕಂತೆ, ಯಂತ್ರವನ್ನು ಹೊಂದಿಸುತ್ತಾರೆ. ಒಳಗೆ ಮಲಗಿರುವಷ್ಟು ಹೊತ್ತೂ ನಾಡಿಯ ಮೇಲೆ ಕಣ್ಣಿಡಬೇಕು. ಮುಗಿದ ಮೇಲೆ ಯಂತ್ರವನ್ನು ಮೊದಲಿನ ಸ್ಥಿತಿಗೆ ತರಬೇಕು; ಅದಾಗದೆ ಮನೆಗೆ ಹೊರಡಬೇಡಿ. ಎಲ್ಲ ಕೇಂದ್ರಗಳಲ್ಲೂ ಈ ಏರ್ಪಾಡಿರದು. ಕೃಷ್ಣರಾಜಪುರದಿಂದ ಶಿವಾಜಿನಗರದವರೆಗೆ ವಾಹನಗಳ ಗದ್ದಲದಲ್ಲಿ ಬಂದು ಹಿಂದಿರುಗುವ ಬದಲು ಮೊದಲೇ ಟೆಲಿಫೋನಿನಲ್ಲಿ ಕೇಳಿಕೊಳ್ಳುವುದು ಮೇಲು.

ನಮ್ಮ ಹಿರಿಯರ ಕಾರ್ಡು ಬೀರುವಿನಲ್ಲಿ ರೇಷನ್ ಕಾರ್ಡಿನ ಕೆಳಗೆ ಸಿಕ್ಕಿತು. ಹೃದಯತಜ್ಞರು ನೋಡಿ ಒಪ್ಪಿದರು. ಎರಡು ವಾರಗಳ ಬಳಿಕ ದೊಡ್ಡ ಆಸ್ಪತ್ರೆಯೊಂದರಲ್ಲಿ ಪರೀಕ್ಷೆ ಸುಸೂತ್ರವಾಗಿ ನಡೆಯಿತು. ಬೆನ್ನುಹುರಿಯ ಪಕ್ಕದ ನರವೊಂದು ಒತ್ತಿಕೊಂಡಿದ್ದುದು ತಿಳಿದು ಚಿಕಿತ್ಸೆಯೂ ಶುರುವಾಯಿತು. ಕಾರ್ಡು ಈಗ ಅವರ ಜೇಬಿನಲ್ಲಿದೆ. ಅದರ ನಕಲೊಂದು ಮಗನ ಬಳಿಯೂ ಇದೆ.