ಮನೆಯ ಸಾಮಾನಿಗೊಂದು ನೆಲೆ

(ಸಂಘದ ಕೂಟದಲ್ಲಿ ಮಾಡಿದ ಭಾಷಣ)



ಗ್ಯಾರೇಜನ್ನು ಕಡಿಮೆ ಖರ್ಚಿನಲ್ಲಿ ಓರಣವಾಗಿಟ್ಟುಕೊಳ್ಳುವ ಬಗೆಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ನನಗೆ ನಗು ಬಂತು. ಎರಡು ಕೋಣೆಗಳ ಮನೆಯಲ್ಲಿರುವ ನಮ್ಮಂಥವರಿಗೆ ಗ್ಯಾರೇಜು ಎಲ್ಲಿಂದ ಬರಬೇಕು? ಆದರೆ ಗ್ಯಾರೇಜಿನಲ್ಲಿ ತುಂಬುವಂಥ ಸಾಮಾನು ಮಾತ್ರ ಎಲ್ಲರಲ್ಲಿಯೂ ಇದೆ. ಅದು ಅಡಿಗೆಮನೆಯ ಮೇಲಿನ ಮಾಳಾ, ಬಾಲ್ಕನಿ, ಕಟ್ಟಡದ ಕೆಳಗಿನ ಕಂಬಗಳ ನಡುವಣ ಜಾಗ, ಹೀಗೆ ಮೂರು ಪಾಲಾಗಿ ಕುಳಿತಿದೆ. ನಾನು ಕಾರಖಾನೆಯ ಸ್ಟೋರಿನಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವನು. ಆದ್ದರಿಂದ ಉಗ್ರಾಣದವನ ಮಾತನ್ನೇ ಹೇಳುತ್ತೇನೆ.

ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು. ನಮ್ಮ ಮಾಳಾದ ಮೇಲೆ ತಂದೆಯವರ ಕಬ್ಬಿಣದ ಟ್ರಂಕು ಇತ್ತು. ಅದರಲ್ಲಿ ಅವರ ಕೈಬರಹದ ಜಮಾಖರ್ಚಿನ ಪುಸ್ತಕಗಳು, ತಾಯಿಯವರು ಊರಿನಿಂದ ಬರೆದ ಕಾಗದಗಳು ಇದ್ದವು. ಕೆಟ್ಟ ಮಿಕ್ಸರು, ಟೀವಿಯ ಖಾಲಿ ಪೆಟ್ಟಿಗೆ, ಮುರಿದ ಕುರ್ಚಿ ಇವುಗಳಿಗೆ ಜಾಗ ಬೇಕೆಂದು ಆ ಟ್ರಂಕನ್ನು ಕೆಳಗೆ ಕಂಬದ ಮಗ್ಗುಲಿಗೆ ಇಳಿಸಿದೆ. 2005ರ ಜುಲೈ 26 ಬಂತು. ಅಂದು ಸಾಂತಾಕ್ರೂಜಿನಲ್ಲಿ 24 ತಾಸಿನಲ್ಲಿ 944 ಮಿಲಿಮೀಟರು, ಅಂದರೆ ಮೂರಡಿಗೂ ಮಿಕ್ಕಿ, ಮಳೆ ಸುರಿಯಿತು. ನಮ್ಮ ಕಟ್ಟಡದ ಕೆಳಗೂ ನೀರು ನಿಂತಿತು. ಮೂರನೆಯ ದಿನ ಟ್ರಂಕು ತೆರೆದರೆ ಕಾಗದವೆಲ್ಲ ಮುದ್ದೆ. ತಾಯಿಯವರ ಒಂದಕ್ಷರವೂ ಉಳಿದಿರಲಿಲ್ಲ. ಕೆಟ್ಟ ಮಿಕ್ಸರು ಮಾತ್ರ ಮೇಲೆ ಸುಖವಾಗಿತ್ತು. ಓರಣವೆಂದರೆ ಚೆಂದಕ್ಕಾಗಿ ಮಾಡುವ ಕೆಲಸವಲ್ಲ, ಯಾವುದನ್ನು ಉಳಿಸಿಕೊಳ್ಳಬೇಕೆಂಬ ತೀರ್ಮಾನ ಎಂದು ನನಗೆ ತಿಳಿದದ್ದು ಅಂದು.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಕರಾವಳಿಯ ಮನೆಗಳಲ್ಲಿ ಒಲೆಯ ಮೇಲಿನ ಅಟ್ಟಕ್ಕೆ ಹೊಗೆ ತಾಗುತ್ತಿತ್ತು. ಮಳೆಗಾಲದಲ್ಲಿ ಕೆಡಬಾರದ ವಸ್ತುವೆಲ್ಲ ಅಲ್ಲಿಗೇ ಏರುತ್ತಿತ್ತು. ಬಡಗಣ ಸೀಮೆಯ ಮನೆಗಳಲ್ಲಿ ಜೋಳ ಹಗೇವಿಗೆ ಇಳಿಯುತ್ತಿತ್ತು. ವಸ್ತುವಿನ ಗುಣ ನೋಡಿ ನೆಲೆ ಕೊಡುವುದು ಅವರ ಪದ್ಧತಿ. ನಾವೋ, ಎಲ್ಲಿ ತೆರವಿದೆಯೋ ಅಲ್ಲಿ ತುರುಕುತ್ತೇವೆ.

ಈಗ ಕೆಲಸಕ್ಕೆ ಬರೋಣ. ದೀಪಾವಳಿಯ ಶುದ್ಧಿಯ ಒಂದು ರವಿವಾರ ಎಲ್ಲವನ್ನೂ ಕೆಳಗಿಳಿಸಿ ಮೂರು ರಾಶಿ ಮಾಡಿರಿ: ವಾರಕ್ಕೊಮ್ಮೆ ಬೇಕಾದದ್ದು, ವರ್ಷಕ್ಕೊಮ್ಮೆ ಬೇಕಾದದ್ದು, ಎಂದೂ ಬೇಡವಾದದ್ದು. ಮೂರನೆಯ ರಾಶಿ ಅಂದೇ ಭಂಗಾರದವನಿಗೆ, ಪತ್ರಿಕೆಗಳು ರದ್ದಿಗೆ. "ಮುಂದೆ ಬೇಕಾದೀತು" ಎಂಬ ಮಾತಿಗೆ ಕಿವಿಗೊಡಬೇಡಿರಿ. ಠಾಣೆಯಲ್ಲಿ ಒಂದು ಚದರಡಿ ಜಾಗದ ಬೆಲೆ ಆ ಮುರಿದ ಕುರ್ಚಿಯ ಬೆಲೆಗಿಂತ ಹೆಚ್ಚು.

ಕಪಾಟು ಕೊಳ್ಳುವ ಅಗತ್ಯವಿಲ್ಲ. ಹಣ್ಣಿನವರ ಬಳಿ ಸಿಗುವ ಮಾವಿನಹಣ್ಣಿನ ಮರದ ಖೋಕೆಗಳನ್ನು ಅಡ್ಡಲಾಗಿ ಒಂದರ ಮೇಲೊಂದಿಟ್ಟು ಮೊಳೆ ಹೊಡೆದರೆ ಕಪಾಟಾಯಿತು. ಮೊಳೆ, ತಿರುಪುಗಳಿಗೆ ಹಾರ್ಲಿಕ್ಸ್ ಬಾಟಲಿ ಸಾಕು. ಮುಚ್ಚಳವನ್ನು ಹಲಗೆಯ ಅಡಿಗೆ ಎರಡು ತಿರುಪು ಹಾಕಿ ಬಿಗಿಯಿರಿ. ಒಂದೇ ಹಾಕಿದರೆ ಮುಚ್ಚಳವೂ ತಿರುಗುತ್ತದೆ. ಬಾಟಲಿಯನ್ನು ಅದಕ್ಕೆ ತಿರುಗಿಸಿ ತೂಗುಬಿಟ್ಟರೆ ಒಳಗಿನದು ಕಣ್ಣಿಗೆ ಕಾಣುತ್ತದೆ, ಜಾಗವೂ ಉಳಿಯುತ್ತದೆ. ಸುತ್ತಿಗೆ, ಇಕ್ಕಳಗಳನ್ನು ಹಲಗೆಗೆ ತೂಗುಹಾಕಿ ಸುತ್ತಲೂ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ತೆಗೆದವರು ಇಡದಿದ್ದರೆ ಖಾಲಿ ಗೆರೆಯೇ ದೂರು ಹೇಳುತ್ತದೆ.

ಭಾರವಾದದ್ದು ಕೆಳಗೆ, ದಿನಬಳಕೆಯದು ಸೊಂಟದಿಂದ ಕಣ್ಣಿನ ಮಟ್ಟದವರೆಗೆ, ಹಗುರವಾದದ್ದು ಮೇಲೆ. ಮಳೆಗಾಲದಲ್ಲಿ ಗೋಡೆಗೆ ನಾಲ್ಕು ಬೆರಳು ಅಂತರ ಬಿಡಿರಿ. ನೆಲದ ಪೆಟ್ಟಿಗೆಗೆ ಇಟ್ಟಿಗೆ ಕೊಡಿರಿ. ಕಬ್ಬಿಣದ ಹತ್ಯಾರಗಳಿಗೆ ಹೊಲಿಗೆ ಯಂತ್ರದ ಎಣ್ಣೆ ಒರಸಿರಿ. ಪೆಟ್ರೋಲು ಮನೆಯಲ್ಲಿ ಬೇಡ. ಮರಕ್ಕೆ ಬಳಿಯುವ ಅಗಸೆ ಎಣ್ಣೆ ಮೆತ್ತಿದ ಚಿಂದಿಯನ್ನು ಮುದ್ದೆಮಾಡಿ ಎಸೆದರೆ ಅದು ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿರಿ.

ಕಂಬಗಳ ನಡುವಣ ಜಾಗದ ಬಗೆಗೂ ಒಂದು ಮಾತು. ಸುತ್ತ ತೆರೆದಿರುವ ಆ ಜಾಗ 1963ರ ಮಹಾರಾಷ್ಟ್ರ ಫ್ಲ್ಯಾಟು ಕಾನೂನಿನ ಅರ್ಥದಲ್ಲಿ ಗ್ಯಾರೇಜಲ್ಲ, ಬಿಲ್ಡರನು ಅದನ್ನು ಬೇರೆಯಾಗಿ ಮಾರುವಂತಿಲ್ಲ ಎಂದು ಸುಪ್ರೀಂ ಕೋರ್ಟು 2010ರಲ್ಲಿ ತೀರ್ಪು ಕೊಟ್ಟಿದೆ. ಅದು ಎಲ್ಲರಿಗೂ ಸೇರಿದ್ದು. ಅಲ್ಲಿ ನನ್ನ ಟ್ರಂಕು ಇದ್ದುದೇ ತಪ್ಪು. ಮೆಟ್ಟಿಲ ತಿರುವಿನಲ್ಲಿ ನಾವಿಡುವ ಚಪ್ಪಲಿಯ ಕಪಾಟೂ ಹಾಗೆಯೇ. ರೋಗಿಯನ್ನು ಸ್ಟ್ರೆಚರಿನಲ್ಲಿ ಇಳಿಸುವಾಗ, ಬೆಂಕಿ ಬಿದ್ದು ಜನ ಓಡುವಾಗ ಆ ಒಂದಡಿ ಜಾಗವೇ ಪ್ರಾಣ ಉಳಿಸಬೇಕು.

ಕೊನೆಯದಾಗಿ, ಮಾಳಾದ ಬಾಗಿಲ ಒಳಮಗ್ಗುಲಿಗೆ ಒಂದು ಪಟ್ಟಿ ಅಂಟಿಸಿರಿ: ಯಾವ ಪೆಟ್ಟಿಗೆಯಲ್ಲಿ ಏನಿದೆ ಎಂದು. ಅದನ್ನು ಮಕ್ಕಳ ಕೈಯಿಂದ, ಕನ್ನಡದಲ್ಲಿ ಬರೆಸಿರಿ. "ಅಜ್ಜಿಯ ಕಾಗದಗಳು" ಎಂದು ಬರೆದ ಮಗು ಒಂದು ದಿನ ಆ ಪೆಟ್ಟಿಗೆ ತೆರೆದು ಓದೀತು. ನನ್ನ ಮನೆಯಲ್ಲಿ ಆ ಪೆಟ್ಟಿಗೆ ಇಲ್ಲ. ನಿಮ್ಮ ಮನೆಯಲ್ಲಿದ್ದರೆ, ಇಂದೇ ಅದನ್ನು ಮೇಲಕ್ಕೇರಿಸಿರಿ.