ಕಂಬ ಐತಿ, ಖೋ ಕೊಡೋರು ಎಲ್ಲಿ?

(ಜತ್ತ ತಾಲೂಕಿನ ನಮ್ಮ ಕನ್ನಡ ಶಾಲೆಯ ಹಳೆ ವಿದ್ಯಾರ್ಥಿಗಳ ಕೂಟದಲ್ಲಿ ಆಡಿದ ಮಾತು. ಬರೆದು ಹಾಕ್ರಿ ಅಂತ ಕೆಲವರು ಕೇಳಿದ್ದಕ್ಕೆ ಇಲ್ಲಿ ಹಾಕಿದ್ದೇವೆ.)

ಗುರುಗಳಿಗೆ, ಹಿರಿಯರಿಗೆ, ಹಿಂದಿನ ಸಾಲಿನಾಗ ಮೊಬೈಲ್ ನೋಡ್ಕೋತ ಕೂತಿರೋ ತಮ್ಮ ತಂಗಿಯರಿಗೆ ನಮಸ್ಕಾರ.

ಕನ್ನಡ ಶಾಲೆ ಉಳಿಸೋ ಬಗ್ಗೆ ಮಾತಾಡ್ರಿ ಅಂತ ನಮ್ಮನ್ನ ಕರೆದ್ರು. ನಾವು ಖೋ-ಖೋ ಬಗ್ಗೆ ಮಾತಾಡ್ತೀವಿ. ಎರಡೂ ಒಂದೇ ಮಾತು ಅನ್ನೋದು ಆಮೇಲೆ ನಿಮಗ ಗೊತ್ತಾಗ್ತದ.

ನಾವು ಹೈಸ್ಕೂಲಿನಾಗ ಇದ್ದಾಗ ಈ ಮೈದಾನದಾಗ ಎರಡು ಕಂಬ ಇದ್ದವು. ಸಂಜೆ ಗಂಟಿ ಹೊಡದ ಮ್ಯಾಲೆ ಎಂಟು ಮಂದಿ ಒಬ್ಬರು ಈ ಕಡೆ, ಒಬ್ಬರು ಆ ಕಡೆ ಮುಖ ಮಾಡಿ ಕೂಡ್ತಿದ್ವಿ, ಒಂಬತ್ತನೆಯವನು ಅಟ್ಟಿಸ್ಕೊಂಡು ಹೋಗ್ತಿದ್ದ. ಉಮದಿ, ಸಂಖ, ಮಾಡಗ್ಯಾಳ ಕಡೆಯ ಹುಡುಗ್ರು ಬಂದ್ರ ತಾಲೂಕಾ ಪಂದ್ಯಕ್ಕೆ ಜಾತ್ರಿ ಕಳೆ ಬರ್ತಿತ್ತು. ಖೋ-ಖೋಕ್ಕ ಬ್ಯಾಟು, ಬೂಟು, ಬುಟ್ಟಿ ಏನೂ ಬೇಡ. ಎರಡು ಕಂಬ, ಸುಣ್ಣದ ಗೆರೆ, ಮುಳ್ಳಿಲ್ಲದ ನೆಲ ಇದ್ರ ಸಾಕು. ಮಳಿ ಇಲ್ಲದ ನಮ್ಮಂಥ ಸೀಮೆಗೆ ಹೇಳಿ ಮಾಡಿಸಿದ ಆಟ. ಅಂಥಾ ಆಟವೂ ನಮ್ಮ ಕೈ ಬಿಟ್ಟು ಹೊಂಟೈತಿ ಅಂದ್ರ ಬಡತನ ಒಂದನ್ನೇ ದೂರಿದ್ರ ಸಾಲದು.

ಕಳೆದ ವರ್ಷ ಈ ಶಾಲಿಗೆ ಬಂದು ಕೇಳಿದ್ವಿ. ಹದಿನೇಳರೊಳಗಿನ ಹುಡುಗಿಯರ ತಂಡ ಕಟ್ಟಾಕ ಮಂದಿ ಸಾಲಲಿಲ್ಲ ಅಂದ್ರು. ಹುಡುಗಿಯರು ಇದ್ದರು, ದೀಪಾವಳಿ ಆದ ಮ್ಯಾಲೆ ಇರಲಿಲ್ಲ.

ಇದನ್ನ ಸ್ವಲ್ಪ ಬಿಡಿಸಿ ಹೇಳಬೇಕು. ಶಾಲಾ ಪಂದ್ಯ ತಾಲೂಕಾದಿಂದ ಶುರುವಾಗಿ ಸಾಂಗಲಿ ಜಿಲ್ಲೆ, ಆಮ್ಯಾಲೆ ಕೊಲ್ಹಾಪುರ ವಿಭಾಗ, ಆಮ್ಯಾಲೆ ರಾಜ್ಯ ಅಂತ ಏರ್ಕೋತ ಹೋಗ್ತದ. ಮಳೆಗಾಲದಾಗ ಶುರು, ಚಳಿಗಾಲದಾಗ ಮುಗಿಯೋದು. ಕಬ್ಬಿನ ಕಾರ್ಖಾನೆ ಹೊಗಿ ಬಿಡೋದೂ ದಸರಾ-ದೀಪಾವಳಿಗೇ. ಗಂಡ-ಹೆಂಡ್ತಿ ಸೇರಿ ಒಂದು ಕೊಯ್ತಾ, ಮೊದಲೇ ಉಚಲು ತಗೊಂಡಿರ್ತಾರ, ಹೋಗಲೇಬೇಕು. ಮಕ್ಕಳನ್ನ ಕರ್ಕೊಂಡು ಹೋಗ್ತಾರ, ಇಲ್ಲಾ ಮುದುಕಿ ಹತ್ರ ಬಿಟ್ಟು ಹೋಗ್ತಾರ. ಬಿಟ್ಟು ಹೋದ ಹುಡುಗಿ ತಮ್ಮನ್ನ ನೋಡ್ಕೋಬೇಕು, ರೊಟ್ಟಿ ಬಡೀಬೇಕು. ಸಂಜೆ ಮೈದಾನಕ್ಕ ಬಾ ಅಂತ ಯಾವ ಬಾಯಿಲೆ ಕರಿಯೋಣ?

ಒಬ್ಬಾಕಿ ಇದ್ದಳು. ಹೆಸರು ಹೇಳೂದಿಲ್ಲ, ಈ ಸಭೆಯೊಳಗ ಆಕಿ ಕಾಕಾ ಕುಂತಾರ. ಕಂಬಕ್ಕ ಕೈ ಹಾಕಿ ಮೈ ಚೆಲ್ಲಿ ಹಿಡಿಯೋದ್ರಾಗ ಹುಡುಗ್ರನ್ನೂ ಮೀರಿಸ್ತಿದ್ದಳು. ತಾಲೂಕಾ ಗೆದ್ರು, ಜಿಲ್ಲೆಗೆ ಹೋಗಬೇಕು. ಆ ವಾರವೇ ಮನೆಯವರು ಟ್ರ್ಯಾಕ್ಟರ್ ಹತ್ತಿದ್ರು. ತಂಡ ಆಕಿ ಇಲ್ಲದೇ ಹೋಗಿ ಮೊದಲ ಪಂದ್ಯದಾಗೇ ಸೋತು ಬಂತು. ಮರುವರ್ಷ ಆಕಿ ಶಾಲಿಗೇ ಬರಲಿಲ್ಲ. ಆಮ್ಯಾಲೆ ಒಮ್ಮೆ ನಮ್ಮ ಬ್ಯಾಂಕಿನ ಕೌಂಟರಿಗೆ ಬಂದಿದ್ದಳು, ಕೂಸು ಎತ್ಕೊಂಡು, ಸ್ಲಿಪ್ ತುಂಬಿಸ್ಕೊಳ್ಳಾಕ. ಗುರ್ತು ಹಿಡಿದು ‘ಆಟ ಆಡ್ತಿದ್ದಿ ಅಲ್ಲಾ?’ ಅಂದ್ವಿ. ನಕ್ಕಳು. ಮುಂದೆ ಏನು ಕೇಳಬೇಕೋ ತಿಳೀಲಿಲ್ಲ, ಸ್ಲಿಪ್ ತುಂಬಿ ಕೊಟ್ವಿ.

2025ರ ಜನವರಿಯಲ್ಲಿ ದಿಲ್ಲಿಯೊಳಗ ಮೊದಲ ಖೋ-ಖೋ ವಿಶ್ವಕಪ್ ನಡೀತು. ಹುಡುಗ್ರು, ಹುಡುಗಿಯರು ಎರಡೂ ಭಾರತ ತಂಡ ನೇಪಾಳವನ್ನ ಸೋಲಿಸಿ ಗೆದ್ದವು. ಆ ಮಹಿಳಾ ತಂಡದಾಗ ಮೈಸೂರು ಜಿಲ್ಲೆ ಟಿ. ನರಸೀಪುರ ತಾಲೂಕಿನ ಕುರುಬೂರು ಅನ್ನೋ ಹಳ್ಳಿಯ ಬಿ. ಚೈತ್ರಾ ಇದ್ದಳು. ತಂಡದ ನಾಯಕಿ ಪ್ರಿಯಾಂಕಾ ಇಂಗಳೆ ನಮ್ಮ ಮಹಾರಾಷ್ಟ್ರದಾಕಿ. ಅಂದ್ರ ನಮ್ಮ ಭಾಷೆಯ ಹಳ್ಳಿಯಿಂದಲೂ, ನಮ್ಮ ರಾಜ್ಯದಿಂದಲೂ ಹುಡುಗಿಯರು ಅಲ್ಲೀತನಕ ಹೋಗ್ಯಾರ. ನಡುವಿನ ನಾವು ಜಿಲ್ಲೆಗೂ ಮುಟ್ಟವಲ್ವಿ.

ಇನ್ನು ಭಾಷೆಯ ಮಾತು. ಮರಾಠಿ ಶಾಲೆಯ ಗುರುಗಳು ನಮಗ ಅನ್ಯಾಯ ಮಾಡ್ಯಾರ ಅಂತ ನಾವು ಹೇಳೂದಿಲ್ಲ. ತಮ್ಮ ಹುಡುಗ್ರ ಜತಿ ನಮ್ಮವರನ್ನೂ ಗಾಡಿಯೊಳಗ ಕೂಡಿಸ್ಕೊಂಡು ಹೋದೋರು ಇದ್ದಾರ. ತೊಡಕು ಬರೋದು ಕಾಗದದೊಳಗ. ಸುತ್ತೋಲೆ ಮರಾಠಿಯೊಳಗ ಬರ್ತದ, ಆನ್‌ಲೈನ್ ಅರ್ಜಿಗೆ ತಾರೀಖು ಮುಗಿದ ಮ್ಯಾಲೆ ನಮಗ ಗೊತ್ತಾಗ್ತದ. ಆಧಾರದಾಗ ಹೆಸರು ಒಂದು ಥರ, ದಾಖಲಾತಿ ಪುಸ್ತಕದಾಗ ಇನ್ನೊಂದು ಥರ, ಯಾಕಂದ್ರ ಕನ್ನಡದ ಹೆಸರನ್ನ ಮರಾಠಿಯವರು ಬರೀತಾರ. ವಯಸ್ಸಿನ ದಾಖಲೆ ಕೂಡಲಿಲ್ಲ ಅಂತ ಒಬ್ಬ ಹುಡುಗನ್ನ ಹೊರಗ ಕೂಡಿಸಿದ್ದನ್ನ ನಾವೇ ಕಣ್ಣಾರೆ ನೋಡಿದೀವಿ. ಉಮದಿಯಿಂದ ಸಾಂಗಲಿ ನೂರು ಕಿಲೋಮೀಟರ್ ಮೀರ್ತದ, ವಿಜಯಪುರ ಅದರ ಅರ್ಧವೂ ಇಲ್ಲ. ಆದ್ರ ನಮ್ಮ ಪಂದ್ಯ ಸಾಂಗಲಿಯೊಳಗ.

ಮತ್ತ, ಹಳ್ಳಿಯೊಳಗ ಕನ್ನಡ ಶಾಲೆ ನಾಲ್ಕನೆತ್ತೆಗೋ ಏಳನೆತ್ತೆಗೋ ನಿಲ್ತದ. ಹದಿನಾಲ್ಕರೊಳಗಿನ ಗುಂಪಿನಾಗ ಛಲೋ ಆಡಿದ ಕೂಸು ಹದಿನೇಳರ ಗುಂಪಿಗೆ ಬರೋದ್ರೊಳಗ ಬೇರೆ ಊರಿನ ಶಾಲೆಗೆ ಹೋಗಿರ್ತದ, ಇಲ್ಲಾ ಶಾಲೆನೇ ಬಿಟ್ಟಿರ್ತದ. ದೈಹಿಕ ಶಿಕ್ಷಕರ ಜಾಗ ಖಾಲಿ ಇದ್ರ ಗಣಿತದ ಮಾಸ್ತರು ಸೀಟಿ ಊದ್ತಾರ, ಪಾಪ ಅವರದೇನು ತಪ್ಪು.

ಆಡಿ ಏನು ಸಿಗ್ತದ ಅಂತ ಅಪ್ಪಂದಿರು ಕೇಳ್ತಾರ. ನ್ಯಾಯವಾದ ಪ್ರಶ್ನೆ, ನಾವೂ ಕಾಮರ್ಸ್ ಓದಿದವರು, ಲೆಕ್ಕ ಹೇಳ್ತೀವಿ. ಹತ್ತನೆತ್ತೆಯೊಳಗ ಆಟಗಾರರಿಗೆ ಹೆಚ್ಚಿನ ಅಂಕ ಸಿಗ್ತಾವ. ಮಹಾರಾಷ್ಟ್ರ ಸರ್ಕಾರದ ನೌಕರಿಯೊಳಗ ಅರ್ಹ ಆಟಗಾರರಿಗೆ ಶೇ. 5 ಮೀಸಲಾತಿ ಐತಿ. ಬ್ಯಾಂಕಿನೊಳಗೂ ಆಟದ ಮ್ಯಾಲೆ ನೌಕರಿ ಹಿಡಿದೋರು ಇದ್ದಾರ. ವಿಜಯಾ ಬ್ಯಾಂಕಿನ ಬಾಸ್ಕೆಟ್‌ಬಾಲ್ ತಂಡ ಒಂದು ಕಾಲಕ್ಕ ದೇಶಕ್ಕೇ ಗೊತ್ತಿತ್ತು. ಆ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಳಗ ಕೂಡಿತು. ಬಾಗಿಲು ಮೊದಲಿನಷ್ಟು ಅಗಲ ಇಲ್ಲ, ಸುಳ್ಳು ಆಸೆ ಹಚ್ಚೂದಿಲ್ಲ. ಆದ್ರ ಜಿಲ್ಲೆಯ ಪ್ರಮಾಣಪತ್ರವೂ ಇಲ್ಲದವನಿಗೆ ಅರ್ಧ ತೆರೆದ ಬಾಗಿಲೂ ಇಲ್ಲ.

ಈಗ ಕೆಲಸದ ಮಾತು. ಕಬ್ಬಿಗೆ ಹೋಗೋರ ಮಕ್ಕಳಿಗೆ ಊರಾಗೇ ಉಳಿಯಾಕ ಹಂಗಾಮಿ ವಸತಿಗೃಹದ ಯೋಜನೆ ನಮ್ಮ ರಾಜ್ಯದಾಗ ಐತಿ. ಶಾಲಾ ವ್ಯವಸ್ಥಾಪನ ಸಮಿತಿ ಬೇಡಿಕೆ ಕೊಡಬೇಕು. ಅರ್ಜಿ ಮರಾಠಿಯೊಳಗ ನಾವು ಬರದು ಕೊಡ್ತೀವಿ, ಸಮಿತಿಯವರು ಸಹಿ ಹಾಕ್ರಿ. ಅದು ಬರೋತನಕ ಈ ವರ್ಷ ತಂಡದ ಹುಡುಗಿಯರ ಎರಡು ತಿಂಗಳ ಊಟದ ಖರ್ಚು ನಮ್ಮ ಬ್ಯಾಚಿನವರು ಹೊರ್ತೀವಿ. ಆಧಾರ್ ಹೆಸರು ತಿದ್ದಿಸೋ ಕೆಲಸಕ್ಕ ಮೊಬೈಲ್ ಬಲ್ಲ ನೀವು ನಾಲ್ಕು ಮಂದಿ ಬೇಕು, ಹಿಂದಿನ ಸಾಲಿನವರು ಕೇಳಿಸ್ಕೊಂಡ್ರಾ?

ಒಂದು ಕಂಬ ಇನ್ನೂ ನಿಂತೈತಿ, ಇನ್ನೊಂದನ್ನ ಮಾಡಿಸಿ ತಂದೀವಿ, ಗುರುಗಳ ಕೋಣೆಯೊಳಗ ಇಟ್ಟೀವಿ. ಬರೋ ರವಿವಾರ ಮುಂಜಾನೆ ಏಳಕ್ಕ ಜಾಲಿ ಮುಳ್ಳು ಕಡೀಬೇಕು. ಕುಡಗೋಲು, ಸಲಿಕೆ ಇದ್ದೋರು ತರ್ರಿ. ಚಹಾ ನಮ್ಮದು.